ಬೋರ್ಡಿನ ಬಲಮೂಲೆ

ನಮ್ಮ ಇಂಗ್ಲಿಷ್ ಮೇಷ್ಟರ ಎಡಗೈಯ ಕಿರುಬೆರಳಿನ ಬದಿ ಮಣಿಕಟ್ಟಿನವರೆಗೂ ಯಾವಾಗಲೂ ಬೆಳ್ಳಗಿರುತ್ತಿತ್ತು. ಕ್ಲಾಸಿನಲ್ಲಿ ಡಸ್ಟರ್ ಇತ್ತು. ಆದರೆ ಬೋರ್ಡಿನ ಬಲಮೂಲೆಯನ್ನು ಮಾತ್ರ ಅವರು ಅಂಗೈ ಬದಿಯಿಂದಲೇ ಒರೆಸುತ್ತಿದ್ದರು, ಅದೂ ತಮಗೆ ಮನಸ್ಸು ಬಂದಾಗ. ಆ ಮೂಲೆಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸವಳಂಗದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಹೈಸ್ಕೂಲು ನಮ್ಮದು. ಮೇಷ್ಟರು ಹೊನ್ನಾಳಿಯಿಂದ ಹಳೇ ಸ್ಕೂಟರಿನಲ್ಲಿ ಬರುತ್ತಿದ್ದರು, ಬರುವಾಗಲೇ ಸಿಡಿಮಿಡಿ. ಅವರ ಪ್ರಾಣ ಹಿಂಡಿದ ಪಾಠವೊಂದಿತ್ತು. ಮೊದಲು ಒಂದು ನಾಮಪದ, ಅದರ ಬೆನ್ನಿಗೆ ‘ಟು’ ಹಚ್ಚಿದ ಕ್ರಿಯಾಪದ, ಆಮೇಲೆ ಯಾರಿಗೆ, ಏನು ಎಂಬ ಎರಡು ಕರ್ಮ. ‘ಎ ಪ್ಲಾನ್ ಟು ಗಿವ್ ರಮೇಶ್ ಎ ಪೆನ್.’ ಇಷ್ಟೇ. ನಾವು ಮಾತ್ರ ವರ್ಷವಿಡೀ ‘ಟು ಗಿವ್ ಟು ರಮೇಶ್’ ಎಂದೇ ಬರೆಯುತ್ತಿದ್ದೆವು. ಅವರ ಕತ್ತಿನ ನರ ಉಬ್ಬುತ್ತಿತ್ತು.

“ಒಂದು ಟು ಸಾಕು ಅಂತ ಎಷ್ಟು ಸಲ ಬಡ್ಕಳಾಕೆ ಆಗ್ತೈತ್ರಲೇ? ಟು ಏನು ಪುಕ್ಕಟೆ ಬರ್ತೈತಾ?”

ಬಡಿದುಕೊಂಡು ಸಾಕಾಗಿ ಅವರೊಂದು ಪದ್ಧತಿ ತಂದರು. ನಾವು ಬರೆದ ವಾಕ್ಯವನ್ನು ಬಲಮೂಲೆಯಲ್ಲಿ ನಮ್ಮ ಹೆಸರಿನ ಸಮೇತ ಬರೆಯುವುದು. ಬರೆದದ್ದನ್ನು ನಾವು ನಿಜಕ್ಕೂ ಮಾಡಿ ಬರುವ ತನಕ ಅದನ್ನು ಅಳಿಸದಿರುವುದು. ಒಬ್ಬಳು ಹೆಡ್‌ಮಾಸ್ಟರಿಗೆ ಮಾವಿನಹಣ್ಣು ಕೊಡುವ ಪ್ಲಾನು ಬರೆದಳು. ಮಾರನೇ ದಿನ ಹಣ್ಣು ಹಿಡಿದು ಆಫೀಸಿಗೆ ಹೋಗಲೇಬೇಕಾಯಿತು. “ಯಾಕಮ್ಮಾ, ಏನು ತಪ್ಪು ಮಾಡೀಯಾ?” ಎಂದು ಹೆಡ್‌ಮಾಸ್ಟರೇ ಗಾಬರಿಯಾದರು. ಜಾಣರು ಗೆಳತಿಗೆ ಚಾಕ್‌ಪೀಸ್ ಕೊಡುವ ಆಸೆ ಎಂದು ಬರೆದು ಪಾರಾಗಲು ನೋಡಿದರೆ, “ಇಷ್ಟು ಸಣ್ಣ ಆಸೆಗೆ ಇಂಗ್ಲಿಷ್ ಯಾಕೆ ಬೇಕು?” ಎಂದು ಮೂದಲಿಸುತ್ತಿದ್ದರು. ಮೂಲೆ ಹೋಗಿ ಅರ್ಧ ಬೋರ್ಡಾದಾಗ ಗಣಿತದ ಮೇಷ್ಟರು ಲೆಕ್ಕ ಬರೆಯಲು ಜಾಗವಿಲ್ಲದೆ ಗೊಣಗುತ್ತಿದ್ದರು. ಇವರು ಜಪ್ಪಯ್ಯ ಅನ್ನಲಿಲ್ಲ.

ನಾನು ಹೊಗಳಿಸಿಕೊಳ್ಳುವ ಆಸೆಗೆ ಒಂದು ದೊಡ್ಡ ವಾಕ್ಯವನ್ನೇ ಬರೆದೆ. ‘ದಿ ಕರೇಜ್ ಟು ಟೆಲ್ ಮೈ ಫಾದರ್ ದಿ ಟ್ರೂತ್.’ ಅಪ್ಪನಿಗೆ ನಿಜ ಹೇಳುವ ಧೈರ್ಯ. ಎರಡನೇ ‘ಟು’ ಹಾಕಿರಲಿಲ್ಲ. ಮೇಷ್ಟರು ಶಹಬ್ಬಾಸ್ ಅನ್ನಲಿಲ್ಲ, ವಾಕ್ಯವನ್ನು ಎರಡು ಸಲ ಓದಿದರು.

“ನೋಡು, ಕನ್ನಡದಾಗೆ ಧೈರ್ಯ ಕೊನೀಗೆ ಬಂದ್ರೂ ನಡೀತೈತೆ. ಇಂಗ್ಲಿಷಿನಾಗೆ ಮೊದ್ಲೇ ಬೇಕು. ಯಾವ ನಿಜ?”

“ಯಾವುದೂ ಇಲ್ಲ ಸರ್, ಸುಮ್ನೆ ಬರ್ದೆ.”

“ಸುಮ್ನೆ ಯಾರೂ ಇದನ್ನ ಬರ್ಯಂಗಿಲ್ಲ. ಹೇಳಿ ಬಾ.”

ಇತ್ತು ನಿಜ. ಹತ್ತನೇ ಕ್ಲಾಸು ಮುಗಿದ ಮೇಲೆ ನಾನು ಸೈನ್ಸ್ ತೆಗೆದುಕೊಂಡು ನರ್ಸ್ ಆಗಬೇಕೆಂದು ಅಪ್ಪ ಊರಿಗೆಲ್ಲ ಸಾರಿದ್ದ. ನನಗೋ ರಕ್ತ ಕಂಡರೆ ಕಣ್ಣು ಕತ್ತಲೆ. ಮಾವಿನಹಣ್ಣು, ಚಾಕ್‌ಪೀಸುಗಳೆಲ್ಲ ಅಳಿಸಿಹೋಗಿ ಮೂಲೆಯಲ್ಲಿ ನನ್ನದೊಂದೇ ಉಳಿಯಿತು. ಬಂದ ಮೇಷ್ಟರೆಲ್ಲ ಅದನ್ನು ಓದಿ ನನ್ನ ಮುಖ ನೋಡುತ್ತಿದ್ದರು. ಅಳಿಸಿ ಸರ್ ಎಂದು ಗೋಗರೆದೆ, ಅತ್ತೆ. ಆ ಮನುಷ್ಯ ಕರಗಲಿಲ್ಲ.

ಕೊನೆಗೊಂದು ದಿನ ರೋಸಿಹೋಗಿ ಅಪ್ಪನ ಹಿಟ್ಟಿನ ಗಿರಣಿಗೆ ಹೋದೆ. ಗಿರಣಿಯ ಸದ್ದಿನಲ್ಲಿ ಹೇಳಿಬಿಟ್ಟರೆ ಹೇಳಿದಂತೆಯೂ ಆಯಿತು, ಕೇಳಿಸದಂತೆಯೂ ಆಯಿತು ಎಂದು ನನ್ನ ಉಪಾಯ. ಅಪ್ಪ ನನ್ನ ತುಟಿ ಅಲುಗಿದ್ದನ್ನು ಕಂಡು ಗಿರಣಿ ಬಂದ್ ಮಾಡಿದ. “ಏನಂದಿ?” ರಾಗಿ, ಜೋಳ ಹಿಡಿದು ನಿಂತಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಆ ನಿಶ್ಶಬ್ದದಲ್ಲಿ ಇನ್ನೊಮ್ಮೆ ಹೇಳಿದೆ. “ಸೈನ್ಸ್ ಓದಾಕೆ ನಂಗೆ ಇಷ್ಟ ಇಲ್ಲಪ್ಪ.”

“ಕೇಳಿಸ್ತು. ಕಾಲೇಜಿನಾಗೆ ಸೀಟಿಗೆ ಹೇಳಿ ಬಂದಾಗೈತೆ,” ಎಂದು ಅಪ್ಪ ಗಿರಣಿ ಚಾಲೂ ಮಾಡಿದ.

ಮರುದಿನ ಮೇಷ್ಟರ ಮೇಲೆ ಹರಿಹಾಯ್ದೆ. “ಹೇಳಿದೆ ಸರ್, ಏನು ಉಪಯೋಗ ಆಯ್ತು?”

“ಉಪಯೋಗ ಆಗ್ತೈತೆ ಅಂತ ನಾನ್ಯಾವಾಗ ಹೇಳಿದ್ದೆ?” ಎನ್ನುತ್ತ ಅವರು ಎಡಗೈ ಬದಿಯಿಂದ ಆ ವಾಕ್ಯವನ್ನು ನಿಧಾನವಾಗಿ ಒರೆಸಿದರು. ಒಂದು ಸಮಾಧಾನದ ಮಾತಿಲ್ಲ. ನಾನು ಸೈನ್ಸಿಗೇ ಸೇರಿದೆ, ಫಿಸಿಕ್ಸಿನಲ್ಲಿ ಮುಗ್ಗರಿಸಿದೆ, ಸುತ್ತಿ ಬಳಸಿ ಬಿ.ಎ., ಬಿ.ಎಡ್. ಮಾಡಿಕೊಂಡೆ. ಈಗ ಜಗಳೂರಿನ ಕಡೆ ಅದೇ ಹಾಳು ಪಾಠ ಮಾಡುತ್ತೇನೆ. ನನ್ನ ಮಕ್ಕಳೂ ಎರಡು ‘ಟು’ ಹಾಕುತ್ತಾರೆ. “ಎಷ್ಟು ಮಾರ್ಕ್ಸಿಗೆ ಬರ್ತೈತೆ ಮೇಡಂ?” ಎನ್ನುತ್ತಾರೆ. ನನ್ನ ಕತ್ತಿನ ನರವೂ ಉಬ್ಬುತ್ತದೆ.

ಹೋದ ವರ್ಷ ಮೇಷ್ಟರಿಗೆ ಹುಷಾರಿಲ್ಲವೆಂದು ತಿಳಿದು ಹೊನ್ನಾಳಿಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ತಡೆದು ಪಿಸುಗುಟ್ಟಿದರು. ಹೊಟ್ಟೆಯ ಕ್ಯಾನ್ಸರ್, ದಾವಣಗೆರೆಯ ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದಾರೆ. “ಅವ್ರಿಗೆ ಗ್ಯಾಸ್ಟ್ರಿಕ್ ಅಂತ ಹೇಳೀವಿ. ನೀನು ಬಾಯಿ ಬಿಡಬ್ಯಾಡ ಮತ್ತೆ.”

ಮೇಷ್ಟರು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಬಡಕಲಾಗಿದ್ದರು. ಸಿಡುಕು ಮಾತ್ರ ಹಾಗೇ ಇತ್ತು.

“ಬಂದೋರೆಲ್ಲ ಎಳನೀರು ತಂದುಕೊಡ್ತಾರೆ. ನಿಜ ಒಬ್ರೂ ತಂದುಕೊಡವಲ್ರು. ನೀನರ ಹೇಳು.”

ಬಾಗಿಲಲ್ಲಿ ನಿಂತ ಅವರ ಹೆಂಡತಿ ಬೇಡ ಬೇಡವೆಂದು ತಲೆಯಾಡಿಸಿದರು. ನನಗೆ ಎಲ್ಲಿಲ್ಲದ ಕೋಪ ಬಂತು. ಮೇಷ್ಟರಿಗೆ ಮಕ್ಕಳಿದ್ದಾರೆ, ಅಣ್ಣತಮ್ಮಂದಿರಿದ್ದಾರೆ, ಡಾಕ್ಟರಿದ್ದಾರೆ. ಅವರನ್ನೆಲ್ಲ ಬಿಟ್ಟು ನಾನೇ ಯಾಕೆ? ಇವರು ನನ್ನನ್ನೇ ನೋಡುತ್ತಿದ್ದರು, ಅವತ್ತು ‘ಯಾವ ನಿಜ’ ಎಂದು ಕೇಳಿದಾಗ ನೋಡಿದ ಹಾಗೆಯೇ.

“ಕ್ಯಾನ್ಸರ್ ಸರ್. ವಾಸಿಯಾಗಲ್ಲ ಅಂದಿದಾರೆ,” ಎಂದೆ.

ಮೇಷ್ಟರು ಬಾಗಿಲಲ್ಲಿದ್ದ ಹೆಂಡತಿಯ ಕಡೆ ತಿರುಗಿದರು. “ಹಂಗಾರೆ ಈ ಸಪ್ಪೆ ಗಂಜಿ ಬಂದ್ ಮಾಡು. ಮಂಡಕ್ಕಿ, ಮೆಣಸಿನಕಾಯಿ ತರಿಸು.”

ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದವರು ನಾನು ಹೊರಡುವಾಗಲೂ ಹೊರಗೆ ಬರಲಿಲ್ಲ. ಮೇಷ್ಟರು ತೀರಿಕೊಂಡಾಗ ಹೋದೆ. ಅವರ ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಶಿವಗಣಾರಾಧನೆಯ ದಿನ ಮಾತ್ರ ಎಲೆಗೆ ಬಡಿಸುತ್ತ ನನ್ನ ಮುಂದೆ ನಿಂತು, “ಮಂಡಕ್ಕಿ ತಿಂದ್ರು,” ಎಂದರು. “ಖಾರ ಸಾಲ್ದು ಅಂತ ಬೈಕಂತ ತಿಂದ್ರು.” ಅದು ಕ್ಷಮೆಯೋ ಅಲ್ಲವೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಹೇಳಿದ್ದು ಸರಿಯಾಯಿತೇ ಎಂದು ಕೇಳೋಣವೆಂದರೆ ಮೇಷ್ಟರಿಲ್ಲ. ಇದ್ದರೂ ಅವರಿಂದ ಸಮಾಧಾನದ ಮಾತು ಹುಟ್ಟುತ್ತಿರಲಿಲ್ಲ. ಅವತ್ತು ಅವರ ಮಂಚದ ಬಳಿಯಿಂದ ನಾನು ಬ್ಯಾಗು ಹೆಗಲಿಗೇರಿಸಿ ಎದ್ದಾಗಲೂ ಅವರು ಹೋಗಿ ಬಾ ಅನ್ನಲಿಲ್ಲ. ಎಡಗೈಯನ್ನು ಕಷ್ಟಪಟ್ಟು ಎತ್ತಿ, ಅಂಗೈ ಬದಿಯನ್ನು ಪಕ್ಕದ ಖಾಲಿ ಗೋಡೆಗೆ ಒತ್ತಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒಮ್ಮೆ ಒರೆಸಿದರು.