ದಾಯಾದಿ ಅಂದರೆ ಬರೀ ಕಸಿನ್

ಶಾಲ್ಮಲಾ, ನಾನು ಸುಳ್ಳು ಹೇಳಿದೆ. ನಿನ್ನ ಕನ್ನಡ ಸರಿಯಾಗಿಯೇ ಇತ್ತು. ನಿನ್ನಜ್ಜಿಯ ಕನ್ನಡವೂ ಸರಿಯಾಗಿತ್ತು. ಕೆಟ್ಟಿದ್ದು ನನ್ನ ಮನಸ್ಸು. ಹೊಟ್ಟೆಕಿಚ್ಚಿನಿಂದ ಒಂದು ಮಾತಾಡಿ, ಅದಕ್ಕೆ 'ಶುದ್ಧ ಕನ್ನಡ' ಎಂದು ಹೆಸರಿಟ್ಟೆ, ನೀನು ನಂಬಿದೆ.

ಆ ಮಾತಿನಿಂದ ನಿನಗೆ ಸಿಗಬೇಕಾಗಿದ್ದ ಕೆಲಸ ತಪ್ಪಿತು. ಕೆಲಸದ ವಿಷಯ ಬಿಡು — ಬಿಡು ಎನ್ನಲು ನನಗಾದರೂ ಏನು ಹಕ್ಕಿದೆ? ಆದರೆ ಕೆಲಸಕ್ಕಿಂತ ದೊಡ್ಡದೇನನ್ನೋ ನಿನ್ನಿಂದ ಕಿತ್ತುಕೊಂಡಿದ್ದೇನೆ ಎಂದು ನನಗೆ ಗೊತ್ತಾದದ್ದು ಕಳೆದ ತಿಂಗಳು, ಹಿಲ್ಸ್‌ಬರೋದ ನಿನ್ನ ಮನೆಯಲ್ಲಿ ಊಟಕ್ಕೆ ಕೂತಾಗ. ಅಲ್ಲಿಂದ ಬಂದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ನೀನು ನಮ್ಮ ಕಾಲೇಜಿಗೆ ಬರುವ ಹೊತ್ತಿಗೆ ನಾನು ಅಲ್ಲಿ ಬಹಳ ವರ್ಷಗಳಿಂದ ಅರೆಕಾಲಿಕ ಅಧ್ಯಾಪಕಿ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿ, ಮದುವೆಯಾಗಿ ನ್ಯೂಜೆರ್ಸಿಗೆ ಬಂದು, ಇಲ್ಲಿ ಮತ್ತೆ ಓದಿ, ಹದಿನೈದನೆಯ ಶತಮಾನದ ಇಂಗ್ಲೆಂಡನ್ನು ಪಾಠ ಮಾಡುವವಳಾಗಿದ್ದೆ. ಯಾರ್ಕ್ ಮನೆತನ, ಲ್ಯಾಂಕಾಸ್ಟರ್ ಮನೆತನ — ಒಬ್ಬನೇ ರಾಜನ ಮಕ್ಕಳ ಸಂತತಿ, ಒಂದೇ ಸಿಂಹಾಸನಕ್ಕಾಗಿ ಮೂರು ದಶಕ ಕಡಿದಾಡಿಕೊಂಡವರು. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ನಡುವೆ ಹೈವೇಯ ಟ್ರಾಫಿಕ್ಕಿನಲ್ಲಿ ಕೂತು ತಣ್ಣಗಿನ ಚಪಾತಿ ತಿನ್ನುವುದು. ಸೆಮಿಸ್ಟರ್ ಮುಗಿದರೆ ಕೆಲಸವೂ ಮುಗಿಯಿತು. ಆದರೂ ನನಗೊಂದು ಹೆಮ್ಮೆಯಿತ್ತು. ಇಲ್ಲಿನ ಕನ್ನಡದವರೆಲ್ಲ ಸಾಫ್ಟ್‌ವೇರೋ, ಔಷಧಿ ಕಂಪನಿಯೋ, ಆಸ್ಪತ್ರೆಯೋ. 'ನಮ್ಮ ಹಿಸ್ಟರಿ ಮೇಡಂ' ಅಂದರೆ ನಾನೊಬ್ಬಳೇ. ಆ ಸಣ್ಣ ಪಟ್ಟದ ಮೇಲೆ ನಾನು ಗಟ್ಟಿಯಾಗಿ ಕೂತಿದ್ದೆ.

ಆಗ ನೀನು ಬಂದೆ. ಇಲ್ಲೇ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ ಹುಟ್ಟಿ ಬೆಳೆದವಳು, ಧಾರವಾಡದ ಡಾಕ್ಟರ ಮಗಳು, ದೊಡ್ಡ ವಿಶ್ವವಿದ್ಯಾಲಯದ ಪಿಎಚ್.ಡಿ. ಅದೇ ಶತಮಾನ, ಅದೇ ಯುದ್ಧ — ನನ್ನದೇ ವಿಷಯ. ಒಂದು ವರ್ಷದ ತಾತ್ಕಾಲಿಕ ಕೆಲಸಕ್ಕೆ ಬಂದ ನಿನಗೆ ನನ್ನ ಪಕ್ಕದ ಮೇಜು ಕೊಟ್ಟರು. ಮೊದಲ ದಿನವೇ ನನ್ನನ್ನು 'ವಾರಿಜಕ್ಕ' ಎಂದು ಕರೆದೆ. ನಾನೂ ಅಕ್ಕನ ಹಾಗೆಯೇ ಇದ್ದೆ, ನಿಜ. ನನ್ನ ಪುಸ್ತಕಗಳನ್ನೆಲ್ಲ ನಿನಗೆ ಕೊಟ್ಟೆ. ನಿನ್ನ ಕನ್ನಡವನ್ನು ತಿದ್ದುತ್ತಿದ್ದೆ: 'ಅಂದ್ರ' ಅಲ್ಲ 'ಅಂದರೆ', 'ಹಂಗ' ಅಲ್ಲ 'ಹಾಗೆ'. ನೀನು ನಗುತ್ತಾ ತಿದ್ದಿಸಿಕೊಳ್ಳುತ್ತಿದ್ದೆ. ನಿನ್ನೆದುರು ನನ್ನದು ಮೇಲುಗೈಯಾಗಿದ್ದ ಜಾಗ ಅದೊಂದೇ, ಅದನ್ನು ನಾನು ಚೆನ್ನಾಗಿ ಬಳಸಿಕೊಂಡೆ.

ಉಳಿದದ್ದರಲ್ಲೆಲ್ಲ ನಿನ್ನ ಮುಂದೆ ನಾನು ಸೋಲುತ್ತಿದ್ದೆ. ಆ ಯುದ್ಧದ ಪಾಠದಲ್ಲಿ ಯಾರು ಸಕ್ರಮ ಸಂತಾನ, ಯಾರು ಅಲ್ಲ ಎಂಬ ಗಲಾಟೆ ಮತ್ತೆ ಮತ್ತೆ ಬರುತ್ತದೆ. ತರಗತಿಯಲ್ಲಿ 'ಬಾಸ್ಟರ್ಡ್' ಎನ್ನಲು ನನಗೆ ನಾಲಗೆ ಏಳುವುದಿಲ್ಲ. 'ಮದುವೆಯ ಹೊರಗೆ ಹುಟ್ಟಿದವರು' ಎಂದು ಸುತ್ತಿ ಬಳಸಿ ಹೇಳುತ್ತೇನೆ, ಹುಡುಗರು ಕಿಸಕ್ಕೆಂದು ನಗುತ್ತಾರೆ. ನೀನು ಮೇಜಿನ ತುದಿಗೆ ಕೂತು ಅದೇ ಮಾತನ್ನು ಸಲೀಸಾಗಿ ಹೇಳಿದೆ, ಅದೇ ಹುಡುಗರು ತಲೆ ಬಗ್ಗಿಸಿ ಬರೆದುಕೊಂಡರು. ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮನೆಗೆ ಬಂದು ನಾನೂ ಮೇಜಿನ ತುದಿಗೆ ಕೂತು ಅಭ್ಯಾಸ ಮಾಡಿದೆ, ಜಾರಿ ಬಿದ್ದೆ. ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ಆ ವರ್ಷ ಇಲ್ಲಿನ ಕನ್ನಡದವರ ದೀಪಾವಳಿ ಊಟದಲ್ಲಿ ಮಕ್ಕಳಿಗೆ ಕಥೆ ಹೇಳಲು ನನ್ನ ಬದಲು ನಿನ್ನನ್ನು ಕರೆದರು. ಪಾಯಸ ಬಡಿಸುತ್ತಿದ್ದ ಒಬ್ಬ ಆಂಟಿ ನನ್ನ ಭುಜ ತಟ್ಟಿ, "ಇನ್ಮೇಲೆ ನಿಮಗೆ ರೆಸ್ಟ್ ಬಿಡಿ ವಾರಿಜಾ" ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಪಾಯಸ ಸೇರಲಿಲ್ಲ.

ಆಮೇಲೆ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಯಿತು. ಇಬ್ಬರೂ ಅರ್ಜಿ ಹಾಕಿದೆವು. ನನ್ನನ್ನು ಸಂದರ್ಶನಕ್ಕೂ ಕರೆಯಲಿಲ್ಲ. ನಿನ್ನನ್ನು ಕರೆದರು. ನಾನು ಐಸೆಲಿನ್‌ನ ಇಂಡಿಯನ್ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋಗಿ ಹೋಳಿಗೆ ತಂದು, ನನ್ನ ಕೈಯಾರೆ ನಿನ್ನ ಬಾಯಿಗೆ ಹಾಕಿದೆ. ಹಾಕುವಾಗ, ಗಂಟಲಿಗೆ ಸಿಕ್ಕಿಕೊಳ್ಳಲಿ ಅಂದುಕೊಂಡೆ. ಹೌದು, ಅಂದುಕೊಂಡೆ.

ಆಯ್ಕೆ ಸಮಿತಿಯ ಎದುರು ನೀನು ಮಾಡಿದ ಭಾಷಣ ನನಗೆ ಈಗಲೂ ಬಾಯಿಪಾಠ. ಸಿಂಹಾಸನದ ಜಗಳವನ್ನು ಎಲ್ಲರೂ ಓದುತ್ತಾರೆ, ಆದರೆ ಅದು ಬೆಳೆದದ್ದು ಹಳ್ಳಿಯ ಜಮೀನುದಾರರ ಮನೆಗಳಲ್ಲಿ ಎಂದೆ ನೀನು. ವಿಧವೆಯ ಪಾಲಿನ ಹೊಲಕ್ಕೆ ಮೈದುನ ಬೇಲಿ ಹಾಕುತ್ತಾನೆ. ಗಂಡ ಲಂಡನ್ನಿನ ಕೋರ್ಟಿನಲ್ಲಿ ಅಲೆಯುತ್ತಿರುವಾಗ ಹೆಂಡತಿ ಮನೆಯ ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂತಿರುತ್ತಾಳೆ, ಹೊರಗೆ ಗಂಡನ ಚಿಕ್ಕಪ್ಪನ ಆಳುಗಳು ಬಿಲ್ಲು ಹಿಡಿದು ನಿಂತಿರುತ್ತಾರೆ. ಅದೇ ಕಾಲದಲ್ಲಿ ರಾಜ, ನಾಳೆ ತಲೆ ತೆಗೆಯಲಿರುವ ದೊರೆಗೂ 'ನನ್ನ ಪ್ರೀತಿಯ ಕಸಿನ್' ಎಂದೇ ಒಕ್ಕಣೆ ಬರೆಸುತ್ತಾನೆ. 'ಕಸಿನ್' ಎಂಬುದು ಅವರು ಕತ್ತಿ ಮುಚ್ಚಿಡಲು ಹೊದಿಸಿದ ಬಟ್ಟೆ, ಒಳಗಿದ್ದದ್ದಕ್ಕೆ ಇಂಗ್ಲಿಷಿನಲ್ಲಿ ಹೆಸರಿಲ್ಲ, ನನ್ನ ಅಜ್ಜಿಯ ಭಾಷೆಯಲ್ಲಿ ಇದೆ — ಎಂದು ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ದಾಯಾದಿ' ಎಂದು ಬರೆದೆ.

"ದಾಯಾದಿ ಅಂದ್ರ ನಾವು ಉಣ್ಣೂ ತಾಟಿನ್ಯಾಗ ಕೈ ಹಾಕೋ ಹಕ್ಕಿದ್ದಾಂವ" — ಅಜ್ಜಿಯ ಮಾತನ್ನು ಅವಳ ದನಿಯಲ್ಲೇ ಹೇಳಿ, ಇಂಗ್ಲಿಷಿಗೆ ತಿರುಗಿಸಿದೆ. ಕೊನೆಗೆ ಅವಳ ಗಾದೆ: ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಮೈ ಜುಂ ಎಂದಿತು. ಅಷ್ಟು ವರ್ಷ ಪಾಠ ಮಾಡಿದ್ದೆನಲ್ಲ — ನಮ್ಮ ಮನೆಯಲ್ಲಿ ದಿನ ಬೆಳಗಾದರೆ ಕೇಳುತ್ತಿದ್ದ ಗಾದೆ, ನನ್ನಪ್ಪ ಸೈಟಿನ ಜಗಳ ಬಂದಾಗಲೆಲ್ಲ ಆಡುತ್ತಿದ್ದ ಮಾತು, ನನ್ನ ಬಾಯಲ್ಲೇ ಇದ್ದದ್ದು. ನನಗೆ ಯಾಕೆ ಹೊಳೆಯಲಿಲ್ಲ? ಕನ್ನಡವನ್ನು ಅರ್ಧಂಬರ್ಧ ಕಲಿತ, 'ಹಂಗ' 'ಹಿಂಗ' ಅನ್ನುವ ಈ ಅಮೆರಿಕದ ಹುಡುಗಿಗೆ ಹೊಳೆಯಿತು. ಕೆಲಸ ಹೋದರೆ ಹೋಗಲಿ, ಕನ್ನಡವೂ ನಿನ್ನದೇ ಆಗಬೇಕೇ ಎಂದು ಹೊಟ್ಟೆ ಧಗಧಗ ಉರಿಯಿತು.

ಹೊರಗೆ ಕಾರಿಡಾರಿನಲ್ಲಿ ಕಾಫಿ ಹಿಡಿದು ನಿಂತಿದ್ದೆ. ಸಮಿತಿಯ ಮುಖ್ಯಸ್ಥೆ ಎಲೆನ್ ನನ್ನ ಹತ್ತಿರ ಬಂದಳು. ನನ್ನನ್ನು ಗೌರವದಿಂದ ಕಾಣುತ್ತಿದ್ದ ಮುದುಕಿ. "ಆ ಶಬ್ದ ನಿನ್ನ ಭಾಷೆಯದೇ ಅಲ್ಲವೇ, ಅವಳು ಹೇಳಿದಷ್ಟೆಲ್ಲ ಅರ್ಥ ಅದಕ್ಕೆ ನಿಜವಾಗಿಯೂ ಇದೆಯೇ?" ಎಂದು ಕೇಳಿದಳು. ಕುತೂಹಲಕ್ಕೆ ಕೇಳಿದಳು, ಅಷ್ಟೇ. ಇಡೀ ಕಟ್ಟಡದಲ್ಲಿ ಉತ್ತರ ಗೊತ್ತಿದ್ದವರು ನಾವಿಬ್ಬರೇ, ನೀನು ಮತ್ತು ನಾನು.

"ಇಟ್ ಜಸ್ಟ್ ಮೀನ್ಸ್ ಕಸಿನ್," ಅಂದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಭುಜ ಕುಣಿಸಿ, ನಿನ್ನ ಮೇಲೆ ಕನಿಕರವಿರುವವಳ ಹಾಗೆ ಸಣ್ಣಗೆ ನಕ್ಕು, "ಶಿ ಗ್ರೂ ಅಪ್ ಹಿಯರ್, ಯು ನೋ," ಎಂದು ಸೇರಿಸಿದೆ. ಎಲೆನ್ ಹುಬ್ಬು ಗಂಟಿಕ್ಕಿ ತಲೆಯಾಡಿಸಿದಳು. ಒಂದು ಗಂಟೆ ನೀನು ಬಿಡಿಸಿ ತೋರಿಸಿದ್ದ ಅದೇ 'ಕಸಿನ್' ಎಂಬ ಬಟ್ಟೆಯನ್ನು ನಾನು ಮತ್ತೆ ಹೊದಿಸಿದ್ದೆ. ಸುಳ್ಳೇನಲ್ಲವಲ್ಲ, ನಿಘಂಟು ತೆಗೆದರೂ ಜ್ಞಾತಿ, ಬಂಧು ಎಂದೇ ಸಿಗುತ್ತದೆ — ಹೀಗೆ ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಆದರೆ ಕನ್ನಡದ ಮನೆಯಲ್ಲಿ ಬೆಳೆದ ಯಾರ ಮುಂದಾದರೂ ಆ ಮಾತನ್ನು ಹೇಳುವ ಧೈರ್ಯ ನನಗಿತ್ತೇ? ಇರಲಿಲ್ಲ.

ಒಂದು ಶಬ್ದದ ಮೇಲೆ ಅತಿಯಾದ ಭಾರ ಹೊರಿಸಿದ್ದಾಳೆ, ಆ ಶಬ್ದದ ಅರ್ಥವೇ ಸಂದೇಹಾಸ್ಪದ ಎಂದು ಸಮಿತಿ ತೀರ್ಮಾನಿಸಿ, ನಿನಗೂ ಹಾಗೆಯೇ ತಿಳಿಸಿತು. ಹುದ್ದೆ ಬೇರೆ ರಾಜ್ಯದಿಂದ ಬಂದ ಯಾರೋ ಒಬ್ಬನಿಗೆ ಹೋಯಿತು. ನನಗೂ ಏನೂ ಸಿಗಲಿಲ್ಲ.

ಆಮೇಲೊಂದು ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಗಾಜಿನ ಮೇಲಿನ ಐಸ್ ಕೆರೆಯುತ್ತಿದ್ದೆ. ನೀನು ಬಂದು ಪಕ್ಕದಲ್ಲಿ ನಿಂತೆ. ಸಂದೇಹ ಯಾರಿಂದ ಬಂತೆಂದು ನೀನು ಯೋಚಿಸಿಯೇ ಇರಲಿಲ್ಲ.

"ವಾರಿಜಕ್ಕ, ಆ ವರ್ಡ್ ನಾ ತಪ್ಪು ತಿಳ್ಕೊಂಡೀನೇನ್ರಿ? ಅಜ್ಜಿ ಹಂಗ ಅಂತಿದ್ಲು. ಅಪ್ಪಾನೂ ಅದನ್ನ ಹೇಳ್ತಾನ. ಬಟ್ ಹಿ ಈಸ್ ಹರ್ ಸನ್, ರೈಟ್?"

ಅದು ದೇವರು ಕೊಟ್ಟ ಎರಡನೆಯ ಅವಕಾಶ. ನಾನು ಅಂದೆ — "ನಿಮ್ಮ ಕಡೆ ಮನೆಮಾತಲ್ಲಿ ಹಾಗೆ ಅಂತಾರೇನೋ ಕಣೇ. ಶುದ್ಧ ಕನ್ನಡದಲ್ಲಿ ಹಾಗಿಲ್ಲ."

"ಓಹ್," ಅಂದೆ ನೀನು. "ಥ್ಯಾಂಕ್ಸ್ ಅಕ್ಕ," ಎಂದು ನನ್ನ ಕೈಯಿಂದ ಸ್ಕ್ರೇಪರ್ ತೆಗೆದುಕೊಂಡು, ನನ್ನ ಕಾರಿನ ಉಳಿದ ಗಾಜನ್ನೆಲ್ಲ ನೀನೇ ಕೆರೆದು ಕೊಟ್ಟೆ. ನಾನು ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನೋಡುತ್ತಾ ನಿಂತಿದ್ದೆ.

ನೀನು ಕಾಲೇಜು ಬಿಟ್ಟೆ, ಔಷಧಿ ಕಂಪನಿಯೊಂದರಲ್ಲಿ ವರದಿ ತಿದ್ದುವ ಕೆಲಸಕ್ಕೆ ಸೇರಿದೆ, ಮದುವೆಯಾದೆ, ಮಗಳು ಹುಟ್ಟಿದಳು. ಹಬ್ಬ ಬಂದರೆ ನನ್ನನ್ನು ಕರೆಯುವುದನ್ನು ಮಾತ್ರ ಬಿಡಲಿಲ್ಲ. ನಡುವೆ ಯಾವಾಗಲೋ ನೀನು ನನಗೂ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದ್ದೆ. ಗಮನಿಸಿದ್ದೆ. ಬೇಸರವಾಗಲಿಲ್ಲ — ಸ್ವಲ್ಪ ಖುಷಿಯೇ ಆಗಿತ್ತು ಎಂದು ಒಪ್ಪಿಕೊಳ್ಳಬೇಕು.

ಕಳೆದ ತಿಂಗಳು ಊಟದ ಹೊತ್ತಿಗೆ ನಿನ್ನಪ್ಪ ಮೊಮ್ಮಗಳಿಗೆ, "ನಿನ್ನ ತಾಟು ತೊಗೊಂಡ್ ಬಾರವಾ" ಅಂದರು. ಮಗು ತಟ್ಟೆ ಹಿಡಿದುಕೊಂಡು ನಿನ್ನತ್ತ ತಿರುಗಿ, ತಾಟು ಅಂದರೆ ಪ್ಲೇಟಾ ಎಂದು ಕೇಳಿತು. ನೀನು ಪಲ್ಯ ಬಡಿಸುತ್ತಲೇ ಹೇಳಿದೆ: "ಡೋಂಟ್ ಲರ್ನ್ ಇಟ್ ಫ್ರಮ್ ಅಸ್, ಸ್ವೀಟಿ. ಅವರ್ ಕನ್ನಡ ಈಸ್ ರಾಂಗ್. ಆಸ್ಕ್ ವಾರಿಜಾ ಆಂಟಿ."

ನಿನ್ನಪ್ಪ ತಲೆ ತಗ್ಗಿಸಿ ಅನ್ನ ಕಲಸತೊಡಗಿದರು. ಮಗು ನನ್ನ ಮೊಣಕಾಲ ಹತ್ತಿರ ಬಂದು, "ಆಂಟಿ, ತಾಟು ಕರೆಕ್ಟಾ?" ಎಂದಿತು. ಕರೆಕ್ಟು ಪುಟ್ಟಾ, ತುಂಬಾ ಒಳ್ಳೆಯ ಕನ್ನಡ ಅಂದೆ. ನೀನು ಅಡುಗೆಮನೆಯಿಂದ ನಕ್ಕೆ. "ಆಂಟಿ ಈಸ್ ಜಸ್ಟ್ ಬೀಯಿಂಗ್ ನೈಸ್."

ಎಷ್ಟು ಗಟ್ಟಿಯಾಗಿ ನಂಬಿಸಿಬಿಟ್ಟಿದ್ದೇನೆ ನೋಡು. ಈಗ ನಿಜ ಹೇಳಿದರೂ ಅದು ನನ್ನ ಒಳ್ಳೆಯತನ ಎನ್ನಿಸಿಕೊಳ್ಳುತ್ತದೆ.

ಅದೇ ಇಂಗ್ಲೆಂಡಿನಲ್ಲಿ, ರಾಜನಾಗಿದ್ದ ಅಣ್ಣ ಸತ್ತ ಮೇಲೆ ಅವನ ಪುಟ್ಟ ಮಕ್ಕಳಿಂದ ಪಟ್ಟ ಕಸಿದುಕೊಂಡ ಚಿಕ್ಕಪ್ಪನ ಕಥೆಯನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಮೊದಲು ಅವನಿಗೆ ಯುದ್ಧವೇನೂ ಬೇಕಾಗಲಿಲ್ಲ; ಆ ಮಕ್ಕಳ ತಂದೆತಾಯಿಯ ಮದುವೆ ಸರಿಯಾದದ್ದಲ್ಲ, ಇವರಿಗೆ ಹಕ್ಕಿಲ್ಲ ಎಂದು ಊರಲ್ಲಿ ಸಾರಿಸಿದರೆ ಸಾಕಾಯಿತು. ಜನ ಹೇಗೆ ನಂಬಿದರು ಎಂದು ಹುಡುಗರು ಕೇಳುತ್ತಾರೆ. ಹೇಳಿದವನು ಮನೆಯವನೇ ಆಗಿದ್ದನಲ್ಲ ಎನ್ನುತ್ತೇನೆ. ದಾಯ ಅಂದರೆ ಹಿರಿಯರಿಂದ ಬಂದ ಪಾಲು. ನಿನಗೆ ಅಜ್ಜಿಯಿಂದ ಬಂದ ಪಾಲು ಆ ಭಾಷೆ, ನಿನ್ನಿಂದ ಮಗಳಿಗೆ ಹೋಗಬೇಕಾಗಿತ್ತು. ಅದಕ್ಕೆ ಹಕ್ಕಿಲ್ಲ ಎಂದು ಸಾರಿದವಳು ನಾನು. ಆ ಶಬ್ದಕ್ಕೆ ಅಂಥ ಅರ್ಥವಿಲ್ಲ ಎಂದೆನಲ್ಲ, ಹಾಗೆ ಅನ್ನುವ ಹೊತ್ತಿಗೆ ನಾನೇ ಆ ಅರ್ಥವಾಗಿದ್ದೆ.

ಎಲೆನ್ ಈಗ ನಿವೃತ್ತಳು. ಮೊನ್ನೆ ಫೋನ್ ಮಾಡಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, "ಇದನ್ನು ನೀನು ನನಗಲ್ಲ, ಅವಳಿಗೆ ಹೇಳಬೇಕು" ಎಂದು ಫೋನ್ ಇಟ್ಟಳು.

ಅದಕ್ಕೇ ಬರೆಯಲು ಕೂತೆ. ಇಷ್ಟು ಬರೆದ ಮೇಲೆ ಹೊಳೆಯಿತು — ನಿನಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ, ಒಳಗೊಳಗೇ ಗೊತ್ತಿದ್ದೇ, ಕನ್ನಡದಲ್ಲಿ ಬರೆದೆನೇನೋ. ನನ್ನನ್ನು ನಾನು ಇನ್ನು ನಂಬುವ ಹಾಗಿಲ್ಲ.

ಆದ್ದರಿಂದ ಶನಿವಾರ ಬರುತ್ತೇನೆ. ನಿನ್ನಪ್ಪನೂ ಇರಲಿ, ಮಗುವೂ ಇರಲಿ. ಒಂದು ಸಾಲನ್ನೂ ಬಿಡದೆ ಇದನ್ನು ನಿಮ್ಮೆದುರು ಓದುತ್ತೇನೆ, ಹೋಳಿಗೆಯ ವಿಷಯವನ್ನೂ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಮುಖವಿಲ್ಲ. ಓದಿ ಮುಗಿದ ಮೇಲೆ ನೀನು ನನ್ನನ್ನು ಬಾಗಿಲಾಚೆ ಕಳಿಸಬಹುದು. ಕಳಿಸುವ ಮುಂಚೆ ಬೈಯಬೇಕು ಅನ್ನಿಸಿದರೆ, ದಯವಿಟ್ಟು ಇಂಗ್ಲಿಷಿನಲ್ಲಿ ಬೈಯಬೇಡ. ನಿನ್ನಜ್ಜಿ ಇದ್ದಿದ್ದರೆ ಹೇಗೆ ಬೈಯುತ್ತಿದ್ದಳೋ ಹಾಗೆ ಬೈ, ಅವಳ ಮಾತಲ್ಲೇ, ಬಾಯಿ ತುಂಬ. ಮಗು ಕೇಳಿಸಿಕೊಳ್ಳಲಿ.