ಬೆರಳು ಎಣಿಸಿ ಪರದೆ ಕೊಡುವ ಅಕ್ಕ

ಬೆಳಗಿನ ಐದೂವರೆ. ಬೀದಿಗೆ ಇನ್ನೂ ಎಚ್ಚರವಾಗಿಲ್ಲ. ಎಂಟಡಿ ಉದ್ದ, ಆರಡಿ ಅಗಲದ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುವ ‘ಪರದೆ ಅಕ್ಕ’ ಮೊದಲು ಮಾಡುವುದು ನೆಲಕ್ಕೆ ನೀರು ಚಿಮುಕಿಸುವ ಕೆಲಸ. ಧೂಳು ಏಳಬಾರದಲ್ಲ! ಫೋನಿನ ಗಾಜು ಬಿಚ್ಚಿದಾಗ ಒಂದು ಕಣ ಒಳಗೆ ಕೂತರೂ ಸಾಕು, ಗಿರಾಕಿಯ ಕಣ್ಣು ದಿನವಿಡೀ ಅಲ್ಲಿಗೇ ಹೋಗುತ್ತದೆ.

“ಗಾಡಿಗಳು ಶುರುವಾದ್ಮೇಲೆ ಧೂಳು ನನ್ನ ಮಾತು ಕೇಳುತ್ತಾ? ಅದಕ್ಕೇ ಅದು ಏಳೋಕ್ಕಿಂತ ಮೊದಲು ನಾನು ಏಳ್ತೀನಿ” ಎಂದು ನಗುತ್ತಲೇ ಅಕ್ಕ ತಲೆಗೂದಲಿಗೆ ಬಟ್ಟೆ ಬಿಗಿಯುತ್ತಾರೆ. ಒಡೆದ ಫೋನು, ಲ್ಯಾಪ್‌ಟಾಪುಗಳ ಪರದೆ ಬದಲಿಸುವುದು ಅವರ ಕಸುಬು. ಯಾವ ಬಗೆಯ ಪರದೆ ಯಾರಿಗೆ ಹೊಂದುತ್ತದೆ ಎಂದು ಹೇಳುವುದು ಕಸುಬಿನ ಜೊತೆ ಅಂಟಿಕೊಂಡ ಖಯಾಲಿ.

ಇಂದು ಮೇಜಿನ ಮೇಲಿರುವುದು ಒಂದೇ ಫೋನು. ಅದರ ಒಡತಿ, ಪಕ್ಕದ ಬೀದಿಯ ದರ್ಜಿಯಮ್ಮ, ಪ್ರಯಾಣದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಸ್ಟೂಲಿನಲ್ಲಿ ಕೂತಿದ್ದಾರೆ. ದೂರದ ಊರಿನಲ್ಲಿರುವ ಬಸುರಿ ಮಗಳಿಗೆ ದಿನ ತುಂಬಲು ಮೂರು ವಾರವಿರುವಾಗಲೇ ಹೆರಿಗೆ ನೋವು ಕಾಣಿಸಿಕೊಂಡಿದೆ. ಎಂಟೂವರೆಗೆ ಸಿಸೇರಿಯನ್. ಅಮ್ಮನಿಗೆ ಸಿಗುವ ಮೊದಲ ರೈಲು ಹತ್ತಕ್ಕೆ. “ಅಮ್ಮನ ಹತ್ರ ಮಾತಾಡಿಯೇ ಒಳಗೆ ಹೋಗ್ತೀನಿ” ಎಂದು ಮಗಳು ಹಟ ಹಿಡಿದಿದ್ದಾಳೆ, ಎಂಟಕ್ಕೆ ಕರೆ ಮಾಡುತ್ತಾಳೆ ಎಂದು ಅಳಿಯ ರಾತ್ರಿಯೇ ಸಂದೇಶ ಕಳಿಸಿದ್ದಾನೆ. ದರ್ಜಿಯಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಾರದು. ತಾಯಿ ಮಗಳು ಮಾತಾಡುವುದು ಕೈಯಲ್ಲಿ. ಆದ್ದರಿಂದ ಇವರ ಪಾಲಿಗೆ ಫೋನೆಂದರೆ ಪರದೆಯೇ.

ಅಕ್ಕನ ಫೋನನ್ನು ಕೊಡಬಹುದಿತ್ತಲ್ಲ ಎಂದರೆ, ಅಕ್ಕನದು ಗುಂಡಿ ಒತ್ತುವ ಹಳೇ ಫೋನು! “ದಿನವಿಡೀ ಪರದೆ ನೋಡಿ ಸಾಕಾಗಿರುತ್ತೆ ಕಣ್ರೀ. ಮನೇಲೂ ಅದನ್ನೇ ನೋಡ್ಲಾ?”

ಅಕ್ಕನ ತಂದೆ ಡಬ್ಬದಂಥ ಹಳೆಯ ಟಿ.ವಿ.ಗಳನ್ನು ರಿಪೇರಿ ಮಾಡುತ್ತಿದ್ದರು. ಕೆಂಪು, ಹಸಿರು ಬೇರೆ ಮಾಡಲು ಅವರ ಕಣ್ಣಿಗೆ ಆಗುತ್ತಿರಲಿಲ್ಲ. ಅಪ್ಪ ಟಿ.ವಿ.ಯ ಬೆನ್ನ ಹಿಂದೆ ಕೂತು ಸ್ಕ್ರೂ ತಿರುಗಿಸಿದರೆ, ಮಗಳು ಮುಂದೆ ನಿಂತು “ಇನ್ನೂ ಕೆಂಪಿದೆ ಅಪ್ಪ, ಹಾಂ, ಈಗ ಸರಿ” ಎಂದು ಕೂಗಬೇಕು. ಕಣ್ಣು ಹಾಗೆ ಪಳಗಿತು. ಡಬ್ಬಗಳು ಮೂಲೆ ಸೇರಿದ ಮೇಲೆ ಅಕ್ಕ ಫೋನು ರಿಪೇರಿ ಹಿಡಿದರು. ಈಗ ಹದಿನೆಂಟು ವರ್ಷ. ಶುರುವಿನಲ್ಲಿ ಬಂದವರೆಲ್ಲ ಇವರ ಹೆಗಲಾಚೆ ಇಣುಕಿ “ರಿಪೇರಿಯವರು ಎಲ್ಲಿ?” ಎನ್ನುತ್ತಿದ್ದರಂತೆ. “ಊಟಕ್ಕೆ ಹೋಗಿದಾರೆ, ಅಷ್ಟರಲ್ಲಿ ನಾನೇ ಮಾಡಿಬಿಡ್ತೀನಿ ಅಂತ ಮಾಡಿಕೊಡ್ತಿದ್ದೆ” ಎನ್ನುವಾಗ ಅಕ್ಕನ ಕಣ್ಣಲ್ಲಿ ತುಂಟತನ.

ದಿನಕ್ಕೆ ಎಂಟರಿಂದ ಹತ್ತು ಪರದೆ. ಬೆರಳ ತುದಿಯಲ್ಲಿ ಗಾಜಿನ ಚೂರು ಹೊಕ್ಕ ಕಲೆಗಳು ಲೆಕ್ಕವಿಲ್ಲದಷ್ಟು. ಕತ್ತು ಎಡಕ್ಕೆ ತಿರುಗುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಎಡಗಡೆಯಿಂದ ಮಾತಾಡಿಸಿದರೆ ಅಕ್ಕ ಸ್ಟೂಲಿನ ಸಮೇತ ತಿರುಗುತ್ತಾರೆ.

ಯಾವ ಪರದೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಅಕ್ಕನಿಗೆ ರೇಗುತ್ತದೆ. “ಚಪ್ಪಲಿ ಅಂಗಡೀಲಿ ಕಾಲು ತೋರಿಸ್ದೆ ಯಾವ ಚಪ್ಪಲಿ ಒಳ್ಳೇದು ಅಂತ ಕೇಳ್ತೀರಾ? ಎಲ್‌ಸಿಡಿ ಅಂದ್ರೆ ಹಿಂದುಗಡೆ ದೀಪ ಇರುತ್ತೆ, ಮುಂದಿನ ಚುಕ್ಕಿಗಳು ಬೆಳಕನ್ನ ಬಿಡ್ತವೆ, ತಡೀತವೆ. ಓಲೆಡ್ ಅಂದ್ರೆ ಒಂದೊಂದು ಚುಕ್ಕೀನೂ ತಾನೇ ಉರಿಯುತ್ತೆ. ಕಪ್ಪು ಅಂದ್ರೆ ಅಪ್ಪಟ ಕಪ್ಪು. ಆದ್ರೆ ಒಂದೇ ಚಿತ್ರ ವರ್ಷಗಟ್ಟಲೆ ಇಟ್ರೆ ಅಲ್ಲೇ ಕಲೆ ಕೂರುತ್ತೆ.” ದಿನವಿಡೀ ಒಂದೇ ಪಟ್ಟಿ ತೆರೆದಿಟ್ಟುಕೊಳ್ಳುವ ಗುಮಾಸ್ತರ ಲ್ಯಾಪ್‌ಟಾಪಿಗೆ ಅವರು ಹಿಂದೆ ದೀಪವಿರುವ ಎಲ್‌ಸಿಡಿಯನ್ನೇ ಸೂಚಿಸುತ್ತಾರೆ. ಚಾಲಕರು ಬಂದರೆ ಕಪ್ಪು ಕನ್ನಡಕ ಹಾಕಿಸಿ, ಫೋನನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿಸಿ ನೋಡಿಸುತ್ತಾರೆ. ಕೆಲವು ಕನ್ನಡಕದಲ್ಲಿ ಒಂದು ದಿಕ್ಕಿಗೆ ಪರದೆ ಪೂರ್ತಿ ಕತ್ತಲೆ.

ಇಷ್ಟೆಲ್ಲ ಗೊತ್ತಿದ್ದ ಅಕ್ಕನೇ ದರ್ಜಿಯಮ್ಮನ ವಿಷಯದಲ್ಲಿ ಎಡವಿದರು. ಕಳೆದ ತಿಂಗಳು ಈ ಫೋನು ಬಂದಾಗ ಇದರಲ್ಲಿದ್ದ ಓಲೆಡ್ ಪರದೆ ಬಿರುಕು ಬಿಟ್ಟಿತ್ತು, ಕಲೆಯೂ ಕೂತಿತ್ತು. ಎಲ್ಲಿ ಕೂತು ನೋಡ್ತೀರಿ, ಎಷ್ಟು ಹೊತ್ತು ನೋಡ್ತೀರಿ ಎಂದು ಅಕ್ಕ ಚೀಟಿಯಲ್ಲಿ ಬರೆದು ಕೇಳಿದರು. ಕಲೆಯ ಕಾಟವೇ ಬೇಡ, ಬಾಳಿಕೆ ಬರಲಿ ಎಂದು ಎಲ್‌ಸಿಡಿ ಕೂರಿಸಿದರು. ಒಂದು ಹೂವಿನ ಫೋಟೋ ತೆರೆದು ನೋಡಿದರು. ಹೂವು ಚೆನ್ನಾಗಿಯೇ ಕಂಡಿತು.

ಹತ್ತು ದಿನಕ್ಕೆ ದರ್ಜಿಯಮ್ಮ ಮರಳಿ ಬಂದು ಚೀಟಿ ಚಾಚಿದರು. ‘ನನ್ನ ಮಗಳ ಬೆರಳುಗಳು ಅಂಟಿಕೊಂಡಿವೆ.’ ಮಗಳ ಕೈಗೇನೋ ಆಗಿದೆ ಎಂದುಕೊಂಡರು ಅಕ್ಕ. ದರ್ಜಿಯಮ್ಮ ಮಗಳು ಕಳಿಸಿದ್ದ ವಿಡಿಯೊ ತೋರಿಸಿದಾಗಲೇ ಅರ್ಥವಾದದ್ದು. ಆ ಅಗ್ಗದ ಪರದೆಯ ಚುಕ್ಕಿಗಳು ಬದಲಾಗುವುದು ನಿಧಾನ, ಬೆಳಗಿನ ಚಳಿಯಲ್ಲಂತೂ ಇನ್ನೂ ನಿಧಾನ. ಸರಸರನೆ ಆಡುವ ಕೈಯ ಹಿಂದೆ ಬಾಲದ ಹಾಗೆ ಮಸುಕು ಎಳೆಯುತ್ತದೆ. ಎರಡು ಬೆರಳೋ ಮೂರೋ ತಿಳಿಯದು. ಹೇಳಿದ್ದನ್ನೇ ಅಮ್ಮ ಮತ್ತೆ ಮತ್ತೆ ಕೇಳಿದ್ದಕ್ಕೆ, ಮೊದಲೇ ಸುಸ್ತಾಗಿದ್ದ ಮಗಳು ಮುಖ ತಿರುಗಿಸಿ ಕರೆ ಕತ್ತರಿಸಿದ್ದಳು. ಮಗಳಿಗೆ ತಾನು ಭಾರವಾದೆನೆಂದು ಈ ತಾಯಿ ಎರಡು ದಿನ ಹೊಲಿಗೆ ಯಂತ್ರ ಮುಟ್ಟಿರಲಿಲ್ಲ.

“ಹದಿನೆಂಟು ವರ್ಷ ಪರದೆ ನೋಡಿದೀನಿ, ಅದರೊಳಗೆ ಯಾರಿದಾರೆ ಅಂತ ಕೇಳ್ಲಿಲ್ವಲ್ಲ! ನನ್ನ ಕಪಾಳಕ್ಕೆ ನಾನೇ ಹೊಡ್ಕೋಬೇಕು ಅನಿಸ್ತು” ಎನ್ನುತ್ತಾರೆ ಅಕ್ಕ. ಅಂದಿನಿಂದ ಅಂಗಡಿಯಲ್ಲಿ ಹೊಸ ಪದ್ಧತಿ. ಗಿರಾಕಿಯ ಫೋನಿನಲ್ಲೇ ತಮ್ಮ ಕೈಯನ್ನು ವಿಡಿಯೊ ಮಾಡಿ, ಬೆರಳುಗಳನ್ನು ಬೇಗಬೇಗ ಬಿಚ್ಚಿ ಮಡಿಸಿ, ಹೊಸ ಪರದೆಯಲ್ಲಿ ಎಣಿಸುತ್ತಾರೆ. ಎಣಿಕೆ ತಪ್ಪಿದ ಪರದೆ ಡಬ್ಬಿಗೆ ವಾಪಸ್.

ಈ ಫೋನಿಗೆ ತಕ್ಕ ಓಲೆಡ್ ಪರದೆ ಬಂದದ್ದು ನಿನ್ನೆ ಸಂಜೆ. ಅಂಟು ಮೆತ್ತಗಾಗುವವರೆಗೆ ಫೋನನ್ನು ಬಿಸಿ ಹಲಗೆಯ ಮೇಲಿಟ್ಟು, ತೆಳ್ಳನೆಯ ಪಟ್ಟಿ ತೂರಿಸಿ, ಉಸಿರು ಬಿಗಿಹಿಡಿದು ಹಳೆಯದನ್ನು ಎಬ್ಬಿಸುತ್ತಾರೆ. ಹೊಸದು ಕೂತಾಗ ಏಳೂವರೆ. ಪರದೆ ಹೊತ್ತಿಕೊಳ್ಳುತ್ತದೆ, ಆದರೆ ಬಲ ಅಂಚಿನಲ್ಲಿ ಮೇಲಿಂದ ಕೆಳಗೆ ಒಂದು ಹಸಿರು ಗೆರೆ. ಪರದೆಯೇ ಕೆಟ್ಟಿದ್ದರೆ ಇನ್ನೊಂದಿಲ್ಲ. ದರ್ಜಿಯಮ್ಮ ಗೆರೆಯನ್ನಲ್ಲ, ಅಕ್ಕನ ಮುಖವನ್ನು ನೋಡುತ್ತಿದ್ದಾರೆ. ಅಕ್ಕ ಮುಖದಲ್ಲಿ ಏನನ್ನೂ ತೋರಗೊಡದೆ ಮತ್ತೆ ಬಿಚ್ಚಿ, ಪರದೆಯನ್ನು ಫೋನಿಗೆ ಜೋಡಿಸುವ ಪಟ್ಟಿತಂತಿಯನ್ನು ಬಿಡಿಸಿ, ಒರೆಸಿ, ಹೆಬ್ಬೆರಳಿನಿಂದ ಒತ್ತುತ್ತಾರೆ. ಟಿಕ್ ಎನ್ನುತ್ತದೆ. ಗೆರೆ ಮಾಯ. ಬೆರಳ ಪರೀಕ್ಷೆಯೂ ಆಗುತ್ತದೆ. ಐದಕ್ಕೆ ಐದೂ ಬಿಡಿಬಿಡಿ.

ಎಂಟಕ್ಕೆ ಕರೆ ಬರುತ್ತದೆ. ದಿಂಬಿಗೊರಗಿದ ಮಗಳು, ತಲೆಗೆ ಆಸ್ಪತ್ರೆಯ ಟೋಪಿ. ಬಲಗೈಗೆ ಗ್ಲೂಕೋಸ್ ಹಾಕಿ ಹಲಗೆಗೆ ಕಟ್ಟಿದ್ದಾರೆ. ಎರಡು ಕೈಯಲ್ಲಿ ಆಡಬೇಕಾದ ಮಾತನ್ನು ಅವಳು ಎಡಗೈ ಒಂದರಲ್ಲೇ ಆಡಬೇಕು. ನೋವಿನಿಂದಲೋ ಅವಸರದಿಂದಲೋ ಆ ಕೈ ಹಾರುವ ಹಾಗೆ ಓಡುತ್ತದೆ. ದರ್ಜಿಯಮ್ಮನ ಕಣ್ಣು ಮಿಟುಕುವುದಿಲ್ಲ. ಒಮ್ಮೆ ತಲೆಯಾಡಿಸುತ್ತಾರೆ, ಒಮ್ಮೆ ಗದರುತ್ತಾರೆ, ಕೊನೆಗೆ ಇಬ್ಬರೂ ಯಾವುದಕ್ಕೋ ನಗುತ್ತಾರೆ. ಅಕ್ಕ ಗೋಡೆಯ ಕಡೆ ತಿರುಗಿ, ಶುಭ್ರವಾಗಿಯೇ ಇರುವ ಸ್ಕ್ರೂಡ್ರೈವರನ್ನು ಒರೆಸುತ್ತಿದ್ದಾರೆ.

ರೈಲಿಗೆ ಹೊರಡುವ ಮುನ್ನ ದರ್ಜಿಯಮ್ಮ ಚೀಟಿಯಲ್ಲಿ ಬರೆಯುತ್ತಾರೆ: ‘ಒಂದೇ ಕೈಯಲ್ಲಿ ಹೇಳಿದಳು. ನಾನು ಯಾವುದನ್ನೂ ಎರಡನೇ ಸಲ ಕೇಳಲಿಲ್ಲ.’

ಹನ್ನೊಂದೂವರೆಗೆ ಅಕ್ಕನ ಗುಂಡಿ ಫೋನು ಗುರುಗುಡುತ್ತದೆ. ರೈಲಿನಿಂದ ದರ್ಜಿಯಮ್ಮನ ಸಂದೇಶ. ಹೆಣ್ಣುಮಗು, ಇಬ್ಬರೂ ಕ್ಷೇಮ. ಕನ್ನಡಕ ಹಣೆಗೇರಿಸಿ, ಆ ಪುಟ್ಟ ಪರದೆಯ ಸಾಲನ್ನು ಅಕ್ಕ ಎರಡು ಸಲ ಓದುತ್ತಾರೆ. ಅಷ್ಟರಲ್ಲಿ ಮುಂದಿನ ಗಿರಾಕಿ ಲ್ಯಾಪ್‌ಟಾಪು ತಂದು ನಿಂತಿದ್ದಾನೆ.

ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ ಅಕ್ಕ ದೊಡ್ಡ ಅಂಗಡಿಯ ಮಾತೆತ್ತುವುದಿಲ್ಲ. ಎರಡು ಬೆರಳುಗಳನ್ನು ಕಣ್ಣಿನ ಹತ್ತಿರ ತಂದು ಮುಂದಕ್ಕೆ ಚಾಚುತ್ತಾರೆ, ಕೈ ಅಂಗಾತ ಮಾಡಿ ಅಲುಗಿಸುತ್ತಾರೆ. ಹೊರಡುವಾಗ ದರ್ಜಿಯಮ್ಮ ಕಲಿಸಿಕೊಟ್ಟದ್ದು.

“ಹತ್ತು ಮಾತಾದ್ರೂ ಕೈಯಲ್ಲಿ ಆಡೋಕೆ ಕಲೀಬೇಕು ಅಂತ ಆಸೆ. ಸದ್ಯಕ್ಕೆ ಇದೊಂದು ಬರುತ್ತೆ. ‘ಏನು ನೋಡ್ತೀರಿ?’ ಅಂತ. ಅವತ್ತೇ ಕೇಳ್ಬೇಕಿತ್ತು ನಾನು.”