ಇಪ್ಪತ್ತೇಳನೇ ನಂಬರಿನ ಎರಡು ಫೋನು

ಕೋಣಂದೂರಿನಲ್ಲಿ ಶರಾವತಮ್ಮ ಅಂದರೆ ಯಾರಿಗೂ ತಟ್ಟನೆ ಗೊತ್ತಾಗುವುದಿಲ್ಲ. ಸ್ವಿಚ್ಚಿನ ಶರಾವತಮ್ಮ ಅನ್ನಬೇಕು. ಆಗ ಚಿಕ್ಕ ಮಕ್ಕಳೂ ಕೈ ತೋರಿಸುತ್ತಾರೆ, ಜಿನಸಿ ಅಂಗಡಿ ಸುಬ್ಬರಾಯರ ಮನೆ ಕಡೆಗೆ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರಲ್ಲ, ಮುಕುಂದಯ್ಯ ಮತ್ತು ಸುಬ್ಬರಾಯ ಆ ಗಾದೆಗೆ ಒಂದಿಷ್ಟೂ ಮೋಸ ಮಾಡಲಿಲ್ಲ. ಎಪ್ಪತ್ತೈದರಲ್ಲಿ ಒಂದು ಹಳೇ ಜೀಪಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಪಾಲಾಯಿತು. ಅಕ್ಕಿ ಗಿರಣಿ ಅಣ್ಣನಿಗೆ, ಅಂಗಡಿ ತಮ್ಮನಿಗೆ. ಮನೆಯ ನಟ್ಟನಡುವೆ ಇಟ್ಟಿಗೆ ಗೋಡೆ ಎದ್ದಿತು. ಬಚ್ಚಲ ಹಂಡೆ, ಒರಳುಕಲ್ಲು ಎಲ್ಲ ಆ ಕಡೆ ಈ ಕಡೆ ಹೋದವು. ಪಾಲಾಗದೆ ಉಳಿದದ್ದು ಒಂದೇ, ಟೆಲಿಫೋನು. ಹೊಸ ಲೈನಿಗೆ ಅರ್ಜಿ ಹಾಕಿದರೆ ಏಳೆಂಟು ವರ್ಷ ಕಾಯಬೇಕಿದ್ದ ಕಾಲ ಅದು. ಇಪ್ಪತ್ತೇಳನೇ ನಂಬರನ್ನು ಇಬ್ಬರೂ ಬಿಡಲೊಲ್ಲರು. ಕೊನೆಗೆ ಲೈನ್‌ಮನ್ ನಿಂಗಪ್ಪ ಒಂದು ಕರಿ ಸ್ವಿಚ್ಚಿನ ಪೆಟ್ಟಿಗೆ ತಂದು ಸುಬ್ಬರಾಯನ ಕಡೆಯ ಗೋಡೆಗೆ ಹೊಡೆದ. ಗುಂಡಿ ಎಡಕ್ಕೆ ತಿರುಗಿಸಿದರೆ ಲೈನು ಈ ಮನೆಗೆ, ಬಲಕ್ಕೆ ತಿರುಗಿಸಿದರೆ ಆ ಮನೆಗೆ. ಪಕ್ಕದ ಬಟನ್ ಒತ್ತಿದರೆ ಆಚೆ ಗಂಟೆ ಬಡಿಯುತ್ತದೆ. ಆಚೆಯವರಿಗೆ ಲೈನು ಬೇಕಾದರೆ ಅವರು ತಮ್ಮ ಬಟನ್ ಒತ್ತಬೇಕು, ಈಚೆ ಗುರ್ ಅನ್ನುತ್ತದೆ. ಗಂಡಸರು ಹಗಲೆಲ್ಲ ಹೊರಗೆ, ಹಾಗಾಗಿ ಗುಂಡಿ ತಿರುಗಿಸುವ ಕೆಲಸ ಸುಬ್ಬರಾಯನ ಹೆಂಡತಿ ಶರಾವತಿಯ ಪಾಲಿಗೆ ಬಂತು.

ಕೆಲಸವೇನೋ ಸುಲಭ. ಆದರೆ ಪಾಲಿನ ದಿನ ಮುಕುಂದಯ್ಯ ಅಂಗಳದಲ್ಲಿ ನಿಂತು ಧರ್ಮಸ್ಥಳದ ಆಣೆ ಹಾಕಿಬಿಟ್ಟಿದ್ದ. "ಇವತ್ತಿಂದ ಆ ಮನೆಯವರು ಈ ಮನೆಯವರ ಜೊತೆ ಮಾತಾಡಿದ್ರೆ ಮಂಜುನಾಥ ಸ್ವಾಮಿ ನೋಡ್ಕೊಳ್ಳಲಿ."

"ನೋಡ್ಕೊಳ್ಳಲಿ" ಅಂದ ಸುಬ್ಬರಾಯನೂ.

ಆಣೆ ಹಾಕಿದವರು ಗಂಡಸರು, ಹೊತ್ತವರು ಹೆಂಗಸರು. ಶರಾವತಿಗೆ ಓರಗಿತ್ತಿ ಶಾಂತಮ್ಮನ ಜೊತೆ ಮಾತು ನಿಂತಿತು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಶಾಂತಮ್ಮನ ಮಗಳು ವನಮಾಲಾ ಗೋಡೆಯ ಆಚೆಗೆ ಹೋದದ್ದನ್ನು ಮಾತ್ರ ಅವಳಿಗೆ ನುಂಗಲಾಗಲಿಲ್ಲ.

ಯಾಕೆ ಅಂದರೆ, ಶರಾವತಿ ಹದಿನೆಂಟರ ಮದುವಣಗಿತ್ತಿಯಾಗಿ ಆ ಮನೆ ಹೊಸ್ತಿಲು ತುಳಿದಾಗ ವನಮಾಲಾ ಹದಿನೈದು ದಿನದ ಕೂಸು. ಶಾಂತಮ್ಮನಿಗೆ ಬಾಣಂತಿ ಸನ್ನಿ ಹಿಡಿದು ತನ್ನ ಹೆಸರೂ ನೆನಪಿರಲಿಲ್ಲ. ಅತ್ತೆ ಕೂಸನ್ನು ತಂದು ಹೊಸ ಸೊಸೆಯ ಮಡಿಲಿಗೆ ಹಾಕಿ "ನೋಡ್ಕೊ" ಅಂದರು, ಅಷ್ಟೇ. ಶರಾವತಿಗೆ ಮುಂದೆ ಮಕ್ಕಳಾಗಲಿಲ್ಲ. ಹದಿಮೂರು ವರ್ಷ ವನಮಾಲಾ ಅವಳ ಸೆರಗು ಹಿಡಿದೇ ಚಿಕ್ಕೀ ಚಿಕ್ಕೀ ಅಂತ ಬೆಳೆದಳು. ಪಾಲಾದ ವಾರಕ್ಕೇ ಮುಕುಂದಯ್ಯ ಅವಳನ್ನು ಶಿವಮೊಗ್ಗದ ಹಾಸ್ಟೆಲಿಗೆ ಸೇರಿಸಿದ. ಎಂಬತ್ತೆರಡರಲ್ಲಿ ಹುಬ್ಬಳ್ಳಿಗೆ ಮದುವೆ ಮಾಡಿಕೊಟ್ಟ. ಈ ಮನೆಗೆ ಕರೆಯಲಿಲ್ಲ. ಚಪ್ಪರ ಹಾಕಿದ್ದು, ದಿಬ್ಬಣ ಹೊರಟದ್ದು ಎಲ್ಲವನ್ನೂ ಶರಾವತಿ ಕಿಟಕಿಯ ಸರಳು ಹಿಡಿದು ನೋಡಿದಳು.

ಮದುವೆಯಾದ ಮೇಲೆ ವನಮಾಲಾ ತಿಂಗಳಿಗೊಮ್ಮೆ, ಮೊದಲ ಭಾನುವಾರ, ತಾಯಿಗೆ ಟ್ರಂಕ್ ಕಾಲ್ ಮಾಡುತ್ತಿದ್ದಳು. ಮೂರೇ ನಿಮಿಷ. ಫೋನು ಮೊದಲು ಎತ್ತುವವಳು ಶರಾವತಿ. ಆಪರೇಟರ್ "ಹುಬ್ಬಳ್ಳಿ ಟ್ರಂಕ್, ಮಾತಾಡಿ" ಅನ್ನುತ್ತಿದ್ದ. ಆಮೇಲೆ ವನಮಾಲಾಳ "ಹಲೋ". ಶರಾವತಿ "ತಡಿ, ಕೊಟ್ಟೆ" ಅಂದು ಗುಂಡಿ ತಿರುಗಿಸಬೇಕು, ಅಷ್ಟು ಕೆಲಸದ ಮಾತು ಆಣೆಯ ಲೆಕ್ಕಕ್ಕಿಲ್ಲ. ತಿರುಗಿಸಿದ ಮೇಲೆ ಇವಳ ರಿಸೀವರ್ ಬರೀ ಕಟ್ಟಿಗೆ, ಉಸಿರೂ ಕೇಳುವುದಿಲ್ಲ. ಒಂದು ಹಲೋ, ತಿಂಗಳಿಗೆ ಅಷ್ಟೇ ಅವಳ ಪಾಲು. ಲೈನು ಕೆಟ್ಟಿದ್ದ ತಿಂಗಳು ಆ ಹುಡುಗಿ ಮೂರು ನಾಲ್ಕು ಸಲ ಹಲೋ ಹಲೋ ಅಂತ ಕೂಗಬೇಕಾಗುತ್ತಿತ್ತು. ಆ ತಿಂಗಳು ಶರಾವತಿ ಪಾಯಸ ಮಾಡುತ್ತಿದ್ದಳು. ಏನು ವಿಶೇಷ ಅಂತ ಸುಬ್ಬರಾಯ ಕೇಳಿದರೆ "ಹಾಲು ಉಳಿದಿತ್ತು" ಅನ್ನುವಳು.

ಒಮ್ಮೆ ವನಮಾಲಾ "ಚಿಕ್ಕೀ" ಅಂದೇಬಿಟ್ಟಳು. ಆಣೆ ತಟ್ಟಿದರೆ ತಟ್ಟುವುದು ತನಗಲ್ಲ, ಆ ಹುಡುಗಿಗೆ ಅನ್ನುವ ಹೆದರಿಕೆ ಶರಾವತಿಗೆ. ತಟ್ಟನೆ ಗುಂಡಿ ತಿರುಗಿಸಿದಳು.

ಎಂಬತ್ತನಾಲ್ಕರ ಒಂದು ಭಾನುವಾರ. ತಿಂಗಳ ಮೊದಲನೆಯದಲ್ಲ, ಮೂರನೆಯದು. ಅಣ್ಣನ ಮನೆಯವರು ಹೊಸನಗರದ ನೆಂಟರ ಗೃಹಪ್ರವೇಶಕ್ಕೆ ಬೆಳಿಗ್ಗೆಯೇ ಹೋಗಿದ್ದರು. ಮಧ್ಯಾಹ್ನ ಫೋನು ಬಡಿಯಿತು. "ಹುಬ್ಬಳ್ಳಿ ಟ್ರಂಕ್, ಮಾತಾಡಿ." ಆಮೇಲೆ "ಹಲೋ". ಶರಾವತಿಯ ಬಾಯಿ "ತಡಿ, ಕೊಟ್ಟೆ" ಅಂತು, ಕೈ ಗುಂಡಿ ತಿರುಗಿಸಿತು, ಬೆರಳು ಬಟನ್ ಒತ್ತಿತು. ಆಚೆ ಗಂಟೆ ಬಡಿಯಿತು. ಇನ್ನೊಮ್ಮೆ ಒತ್ತಿದಳು. ಯಾರೂ ಎತ್ತಲಿಲ್ಲ. ಆಗ ನೆನಪಾಯಿತು, ಮನೆಗೆ ಬೀಗ. ಅಯ್ಯೋ, ಆ ಮಗುವಿನ ನಿಮಿಷವೆಲ್ಲ ಹಾಳಾಯಿತಲ್ಲ ಅಂತ ಗಡಬಡಿಸಿ ಗುಂಡಿ ಹಿಂದಕ್ಕೆ ತಿರುಗಿಸಿದಳು.

"ತಿರುಗಿಸಿ ಮುಗೀತಾ ಚಿಕ್ಕಿ?" ಅಂದಳು ವನಮಾಲಾ. "ಅವರು ಹೊಸನಗರಕ್ಕೆ ಹೋಗಿರೋದು ನಂಗೆ ಗೊತ್ತಿಲ್ವಾ? ನಿಂಗೇ ಮಾಡಿದ್ದು ಈ ಫೋನು."

ಶರಾವತಿಯ ಕೈ ಮತ್ತೆ ಗುಂಡಿಯ ಕಡೆಗೆ ಹೋಯಿತು.

"ಆಣೆ ಅಂತ ಹೆದರಬೇಡ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ನೀನೇ ಹೇಳ್ತಿದ್ದೆ. ನಾನೀಗ ಆ ಮನೆಯವಳಲ್ಲ, ಹುಬ್ಬಳ್ಳಿಯವಳು. ಆಣೆ ನಂಗೆ ಹತ್ತಲ್ಲ."

"ಹೌದಲ್ಲ ಮಗಾ" ಅಂದಳು ಶರಾವತಿ. ಇಷ್ಟು ಸಣ್ಣ ಮಾತು ಎರಡು ವರ್ಷ ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನಂಗೆ ಆರು ತಿಂಗಳು. ಅಪ್ಪ ಹೆರಿಗೆಗೆ ತವರಿಗೆ ಬಾ ಅಂತಾರೆ. ಅಲ್ಲಿ ಬಂದ್ರೆ ನೀನು ಗೋಡೆ ಆಚೆ ಇರ್ತೀಯ. ನಾ ಬರಲ್ಲ. ಇಲ್ಲೇ ಹೆರಿಗೆ ಆಗ್ಲಿ. ನೀನು ಬಾ ಚಿಕ್ಕಿ, ಬಾಣಂತನ ನೀನು ಮಾಡು."

ದೇವರೇ ಎದುರು ಬಂದು ವರ ಕೇಳು ಅಂದಿದ್ದರೂ ಶರಾವತಿ ಇದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ಬರ್ತೀನಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಶಾಂತಮ್ಮನ ಮುಖ ಕಣ್ಣಿಗೆ ಕಟ್ಟಿತು. ಹೆತ್ತ ಮಗುವನ್ನು ಒಂದು ದಿನವೂ ನೆಟ್ಟಗೆ ಎತ್ತಿಕೊಳ್ಳಲಿಲ್ಲ ಆ ಜೀವ. ಈಗ ಮಗಳ ಬಾಣಂತನವನ್ನೂ ತಾನೇ ಕಿತ್ತುಕೊಂಡರೆ?

"ತವರಿಗೇ ಬಾ" ಅಂದಳು. "ಅಕ್ಕನ ಕೈಯಲ್ಲಿ ಬಾಣಂತನ ಆಗ್ಲಿ. ಕೂಸು ಅತ್ರೆ ಗೋಡೆ ಈಚೆ ನಂಗೆ ಕೇಳ್ತದೆ ಮಗಾ. ಅಷ್ಟು ಸಾಕು."

ಆಪರೇಟರ್ ಮೂರು ನಿಮಿಷ ಆಯಿತು ಅಂದ. ಲೈನು ಹೋಯಿತು.

ವನಮಾಲಾ ಬಂದಳು. ತೀರ್ಥಹಳ್ಳಿ ಆಸ್ಪತ್ರೆಯಲ್ಲಿ ಗಂಡು ಮಗು ಆಯಿತು, ಹತ್ತನೇ ದಿನಕ್ಕೆ ಮನೆಗೆ ಕರೆತಂದರು. ಅಲ್ಲಿಂದ ಶರಾವತಿ ಅಡುಗೆಮನೆ ಕೆಲಸವನ್ನೆಲ್ಲ ನಡುಗೋಡೆಯ ಬುಡಕ್ಕೆ ತಂದುಕೊಂಡಳು. ಅವರೆಕಾಯಿ ಸುಲಿಯುವುದು ಅಲ್ಲೇ, ಅಕ್ಕಿ ಆರಿಸುವುದು ಅಲ್ಲೇ. ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು ಅಂತ ಎರಡೇ ದಿನದಲ್ಲಿ ತಿಳಿಯಿತು. ಸಾಕು ಅಂದಿದ್ದಳಲ್ಲ, ಸಾಕಾಗಲಿಲ್ಲ. ಕೈಗಳು ಸುಮ್ಮನಿರಲಾರದೆ ಅಕ್ಕಿಯನ್ನು ಆರಿಸಿದ್ದನ್ನೇ ಆರಿಸುತ್ತಿದ್ದವು.

ಒಂದು ಬೆಳಿಗ್ಗೆ ಕೂಸು ಅಳಲು ಶುರು ಮಾಡಿದ್ದು ನಿಲ್ಲಿಸಲೇ ಇಲ್ಲ. ಕಾಲು ಎಳೆದು ಎಳೆದು ಅಳುವ ಹೊಟ್ಟೆನೋವಿನ ಅಳು ಅದು. ಬಚ್ಚಲಲ್ಲಿ ಸೂಲಗಿತ್ತಿ ಕೆರಿಯಮ್ಮ ವನಮಾಲಾಗೆ ನೀರು ಹುಯ್ಯುತ್ತಿದ್ದ ಸದ್ದು ಕೇಳುತ್ತಿತ್ತು. ಮುಕುಂದಯ್ಯ ಗಿರಣಿಗೆ ಹೋಗಿದ್ದ. ಒಳಗೆ ಕೂಸಿನ ಜೊತೆ ಶಾಂತಮ್ಮ ಒಬ್ಬಳೇ.

ಗುರ್ ಅಂತು. ಆಚೆಯವರಿಗೆ ಲೈನು ಬೇಕು ಅಂತ ಶರಾವತಿ ಗುಂಡಿ ತಿರುಗಿಸಿದಳು. ಮತ್ತೆ ಗುರ್. ಎಡಕ್ಕೆ ತಂದು ಮತ್ತೆ ಬಲಕ್ಕೆ ಹಾಕಿದಳು. ಮತ್ತೂ ಗುರ್. ಗುಂಡಿಗೆ ನಡುವೆ ಇನ್ನೊಂದು ಗೀಟಿತ್ತು. ಅಲ್ಲಿಟ್ಟರೆ ಹೊರಗಿನ ಲೈನು ಕಡಿದು ಎರಡು ಮನೆಯವರೂ ತಮ್ಮತಮ್ಮಲ್ಲೇ ಮಾತಾಡಬಹುದಂತೆ. ಒಂಬತ್ತು ವರ್ಷದಲ್ಲಿ ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ. ಗುಂಡಿಯನ್ನು ಅಲ್ಲಿಗೆ ತಂದು ರಿಸೀವರ್ ಎತ್ತಿದಳು.

ಕಿವಿಯೊಳಗೇ ಕೂಸು ಅತ್ತಿತು. ಯಾರೋ ರಿಸೀವರನ್ನು ಅದರ ಬಾಯಿಗೆ ಹಿಡಿದಿದ್ದರು. ಹಿಡಿದವರು ಮಾತಾಡಲಿಲ್ಲ. ಹೇಗೆ ಮಾತಾಡುತ್ತಾರೆ, ಆಣೆ ಇದೆಯಲ್ಲ.

ಮಾತು ಬಿಟ್ಟವರು ಬೆಕ್ಕಿಗೋ ನಾಯಿಗೋ ಹೇಳಿದ ಹಾಗೆ ಮಾಡಿ ಒಬ್ಬರಿಗೊಬ್ಬರು ತಿಳಿಸುವುದು ನಮ್ಮ ಕಡೆ ಇದ್ದದ್ದೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಕೂಸಂತೂ ಹುಬ್ಬಳ್ಳಿಯವರ ಮನೆಯದು.

"ಅಳಬೇಡ ಕಂದಾ" ಅಂದಳು ಶರಾವತಿ. "ನಿನ್ನ ಅಜ್ಜಿಗೆ ಹೇಳು, ವೀಳ್ಯದೆಲೆಗೆ ಹರಳೆಣ್ಣೆ ಸವರಿ ಕೆಂಡಕ್ಕೆ ಹಿಡಿದು ನಿನ್ನ ಹೊಟ್ಟೆ ಮೇಲೆ ಇಡಬೇಕಂತೆ. ಮೊದಲು ತನ್ನ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡ್ಕೊಳ್ಳಲಿ."

ರಿಸೀವರ್ ಹಾಸಿಗೆಯ ಮೇಲೆ ಬಿದ್ದ ಸದ್ದಾಯಿತು, ಆಮೇಲೆ ಹೆಜ್ಜೆಗಳು. ಶರಾವತಿ ಅಲುಗದೆ ನಿಂತೇ ಇದ್ದಳು. ಸುಮಾರು ಹೊತ್ತಿನ ಮೇಲೆ ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಂತಿತು. ಯಾರೋ ರಿಸೀವರ್ ಎತ್ತಿಕೊಂಡರು.

"ಕಂದಾ" ಅಂದಳು ಶಾಂತಮ್ಮ. ಒಂಬತ್ತು ವರ್ಷದಲ್ಲಿ ಆ ಧ್ವನಿಗೆ ವಯಸ್ಸಾಗಿತ್ತು. "ನಿನ್ನ ಚಿಕ್ಕಜ್ಜಿಗೆ ಹೇಳು. ನಿನ್ನಮ್ಮ ಹೀಗೆ ಅಳ್ತಿದ್ದಾಗ ನಂಗೆ ಎಚ್ಚರ ಇರ್ಲಿಲ್ಲ. ಎತ್ಕೊಂಡವಳು ಅವಳು ಅಂತ ನಂಗೆ ಗೊತ್ತು ಅಂತ ಹೇಳು."

ಶರಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮತ್ತೆ ಕೇಳು ಕಂದಾ" ಅಂದಳು ಶಾಂತಮ್ಮ, "ಅವಳದು ತಿಂಡಿ ಆಯ್ತಾ ಅಂತ."

"ಇನ್ನೂ ಇಲ್ಲವಂತೆ ಅನ್ನು ಮಗಾ" ಅಂದಳು ಶರಾವತಿ. ಗೋಡೆಗೆ ಹಣೆ ಒತ್ತಿ ಅತ್ತಳು.